ಹಳೆಯ ಚಿತ್ರಕ್ಕೆ ಮನೆ ಎಲ್ಲಿ?

ಪುಸ್ತಕಕ್ಕಿರುವ ಒಂದು ಭಾಗ್ಯ ಚಲಚ್ಚಿತ್ರಕ್ಕಿಲ್ಲ. ಪುಸ್ತಕ ಕಾಯಬಲ್ಲದು. ಅಚ್ಚಾದ ವರ್ಷ ಅದನ್ನು ಯಾರೂ ಕೊಳ್ಳದಿದ್ದರೂ ಚಿಂತೆಯಿಲ್ಲ. ಯಾವುದಾದರೂ ವಾಚನಾಲಯದ ಮೇಲಣ ಗೂಡಿನಲ್ಲಿ ಧೂಳು ಹೊದ್ದು ಕುಳಿತಿದ್ದು, ಐವತ್ತು ವರ್ಷಗಳ ಅನಂತರ ಕೈಚಾಚಿದ ಓದುಗನೊಬ್ಬನಿಗೆ ತನ್ನನ್ನು ಇಡಿಯಾಗಿ ಒಪ್ಪಿಸಿಕೊಳ್ಳಬಲ್ಲದು. ಚಲಚ್ಚಿತ್ರದ ಬಾಳು ಬೇರೆ ಬಗೆಯದು. ಬಿಡುಗಡೆಯಾದ ಕೆಲವು ವಾರ ಊರಿನ ಗೋಡೆಗಳನ್ನೆಲ್ಲ ಅದೇ ಆಳುತ್ತದೆ. ಅನಂತರ ಅದರ ಭಿತ್ತಿಪತ್ರದ ಮೇಲೆ ಮತ್ತೊಂದರ ಭಿತ್ತಿಪತ್ರ ಅಂಟುತ್ತದೆ. ಫಿಲ್ಮಿನ ಕಾಲದಲ್ಲಾದರೆ ಸುರುಳಿಗಳು ತಗಡಿನ ಡಬ್ಬಿಗಳನ್ನು ಸೇರಿ ಹಂಚಿಕೆದಾರನ ಉಗ್ರಾಣಕ್ಕೆ ಹಿಂತಿರುಗುತ್ತಿದ್ದವು. ಹೀಗೆ ಮರೆಯಾದ ಚಿತ್ರವನ್ನು ಮತ್ತೊಮ್ಮೆ ನೋಡಬೇಕೆಂದು ಒಬ್ಬ ವೃದ್ಧನಿಗೆ ಆಸೆಯಾದರೆ, ಅಥವಾ ಅದು ತೆರೆಕಂಡಾಗ ಹುಟ್ಟಿಯೇ ಇರದ ತರುಣಿಯೊಬ್ಬಳಿಗೆ ಅದನ್ನು ಮೊದಲ ಬಾರಿಗೆ ನೋಡಬೇಕೆನಿಸಿದರೆ, ಅವರು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಪಶ್ಚಿಮದ ದೊಡ್ಡ ನಗರಗಳು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಒಂದು ಸೊಗಸಾದ ಉತ್ತರವನ್ನು ಕಂಡುಕೊಂಡಿದ್ದವು. ಅದೇ ರೆಪರ್ಟರಿ ಚಿತ್ರಮಂದಿರ. ರೆಪರ್ಟರಿ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಒಂದೇ ತಂಡ ಹಲವು ನಾಟಕಗಳನ್ನು ಸಿದ್ಧವಾಗಿಟ್ಟುಕೊಂಡು ಸರದಿಯಂತೆ ಆಡುವ ಪದ್ಧತಿಯನ್ನು ಮೈಸೂರಿನ ರಂಗಾಯಣದ ಮೂಲಕ ನಾಟಕಪ್ರಿಯರು ಬಲ್ಲರು. ರೆಪರ್ಟರಿ ಚಿತ್ರಮಂದಿರದ ರೀತಿಯೂ ಅದೇ. ಹೊಸ ಚಿತ್ರವೊಂದನ್ನು ತಂದು, ಜನ ಬರುವಷ್ಟು ದಿನ ಓಡಿಸಿ, ಬಳಿಕ ಇನ್ನೊಂದನ್ನು ತರುವುದು ಅದರ ಕಸುಬಲ್ಲ. ಇಂದು ಒಂದು ಮೂಕಚಿತ್ರ, ನಾಳೆ ಜಪಾನಿನ ಕುರೊಸಾವಾ, ನಾಳಿದ್ದು ಹಾಲಿವುಡ್ಡು ತಾನೇ ಮರೆತ ಒಂದು ಹಾಸ್ಯಚಿತ್ರ. ಹೀಗೆ ದಿನಕ್ಕೊಂದು, ಎರಡು ದಿನಕ್ಕೊಂದು ಚಿತ್ರವನ್ನು ಹಳೆಯ ಭಂಡಾರದಿಂದ ಆರಿಸಿ ತೋರಿಸುವುದು ಅದರ ವ್ರತ. ಎರಡು ತಿಂಗಳ ಕಾರ್ಯಕ್ರಮವನ್ನು ಒಂದೇ ಹಾಳೆಯಲ್ಲಿ ಅಚ್ಚುಮಾಡಿ ಹಂಚುತ್ತಿದ್ದರು. ಚಿತ್ರಪ್ರಿಯರ ಮನೆಗಳಲ್ಲಿ ಆ ಹಾಳೆ ಪಂಚಾಂಗದಂತೆ ಅಡಿಗೆಮನೆಯ ಗೋಡೆಯನ್ನೇರುತ್ತಿತ್ತು.

ಇಂಥ ಮಂದಿರಗಳು ಒಂದೊಂದಾಗಿ ಕಣ್ಮುಚ್ಚಿದ ಕಥೆಯನ್ನು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ: ವಿಡಿಯೊ ಬಂತು, ಜನ ಬರಲಿಲ್ಲ, ಬಾಗಿಲು ಹಾಕಿದರು. ಈ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಪ್ರೇಕ್ಷಕರೇ ಕೈಬಿಟ್ಟರೆಂದು ಹೇಳಿದರೆ ತಪ್ಪು ಯಾರದೂ ಆಗುವುದಿಲ್ಲ. ಆದುದರಿಂದಲೇ ಈ ವಿವರಣೆ ಎಲ್ಲರಿಗೂ ಹಿತವಾಗಿದೆ. ನಡೆದದ್ದೇನೆಂಬುದನ್ನು ತಿಳಿಯಬೇಕಾದರೆ ಅಮೆರಿಕದ ಕೆಲವು ಬೀದಿಗಳಲ್ಲಿ ಒಂದು ಸುತ್ತು ಬರಬೇಕು.

ಆರಿಸುವ ಕೈ

ಬಾಸ್ಟನ್ ನಗರದ ಮಗ್ಗುಲಲ್ಲಿರುವ ಕೇಂಬ್ರಿಜ್ ಊರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ತವರು. ಅಲ್ಲಿ 1890ರಲ್ಲಿ ಕಟ್ಟಿದ ಬ್ರಾಟ್ಲ್ ಹಾಲ್ ಎಂಬ ಸಭಾಭವನವನ್ನು ಬ್ರಯಂಟ್ ಹ್ಯಾಲಿಡೆ ಮತ್ತು ಸೈರಸ್ ಹಾರ್ವಿ ಎಂಬ ಇಬ್ಬರು ಗೆಳೆಯರು 1953ರಲ್ಲಿ ಚಿತ್ರಮಂದಿರವಾಗಿ ಮಾರ್ಪಡಿಸಿದರು. ಹಳೆಯ ಚಿತ್ರಗಳ ಜೊತೆಗೆ ಐರೋಪ್ಯ ಚಿತ್ರಗಳನ್ನೂ ತೋರಿಸತೊಡಗಿದರು. ಬೇಕಾದ ಚಿತ್ರಗಳನ್ನು ಅಮೆರಿಕಕ್ಕೆ ತರುವವರೇ ವಿರಳವೆಂಬುದನ್ನು ಕಂಡು, 1956ರಲ್ಲಿ ತಾವೇ ಜಾನಸ್ ಫಿಲ್ಮ್ಸ್ ಎಂಬ ಹಂಚಿಕೆ ಸಂಸ್ಥೆಯನ್ನು ತೆರೆದರು. ನಟ ಹಂಫ್ರಿ ಬೊಗಾರ್ಟ್ 1957ರ ಜನವರಿಯಲ್ಲಿ ತೀರಿಕೊಂಡ. ಅದೇ ವರ್ಷ ಬ್ರಾಟ್ಲ್ ಮಂದಿರ ಅವನ 1942ರ ಚಿತ್ರ ‘ಕಾಸಾಬ್ಲಾಂಕಾ’ವನ್ನು ಮತ್ತೆ ತೆರೆಯ ಮೇಲೆ ತಂದಿತು. ಪರೀಕ್ಷೆಯ ದಿನಗಳಲ್ಲಿ ತಲೆ ಬಿಸಿಯಾದ ವಿದ್ಯಾರ್ಥಿಗಳು ಬಂದರು, ಮತ್ತೆ ಬಂದರು, ಸಂಭಾಷಣೆಯನ್ನು ಪಾತ್ರಗಳಿಗಿಂತ ಮೊದಲೇ ಗಟ್ಟಿಯಾಗಿ ಹೇಳುವಷ್ಟು ಸಲ ಬಂದರು. ಹಳೆಯ ಸರಕೆಂದು ಬದಿಗಿಟ್ಟ ಚಿತ್ರವೊಂದು ಹೊಸ ಪೀಳಿಗೆಯ ಸ್ವತ್ತಾದದ್ದು ಹೀಗೆ. ಅದನ್ನು ಮಾಡಿದ್ದು ಜಾಹೀರಾತಲ್ಲ. ಇದನ್ನು ಈಗ ತೋರಿಸಬೇಕು ಎಂದು ನಿರ್ಧರಿಸಿದ ಒಂದು ಮನಸ್ಸು.

ನ್ಯೂಯಾರ್ಕಿನಲ್ಲಿ ಈ ಮನಸ್ಸುಗಳಿಗೆ ಬರವಿರಲಿಲ್ಲ. ನಗರದ ಮೇಲ್ಭಾಗದಲ್ಲಿ, 95ನೆಯ ಬೀದಿಯಲ್ಲಿ, 1931ರಲ್ಲಿ ತೆರೆದ ಥಾಲಿಯಾ ಎಂಬ ಪುಟ್ಟ ಮಂದಿರವಿತ್ತು. ಅದರ ನೆಲ ಲೋಕರೂಢಿಗೆ ವಿರುದ್ಧವಾಗಿ ತೆರೆಯ ಕಡೆಗೆ ಏರುತ್ತಿತ್ತು; ಕೆಲವು ಆಸನಗಳ ಎದುರಿಗೆ ಕಂಬ ಬೇರೆ. ಆದರೂ ನಗರದ ಚಿತ್ರಪ್ರಿಯರು ಕತ್ತನ್ನು ಅತ್ತಿತ್ತ ತಿರುಗಿಸಿಕೊಂಡು ಜಗತ್ತಿನ ಅಭಿಜಾತ ಚಿತ್ರಗಳನ್ನು ಅಲ್ಲಿಯೇ ನೋಡಿದರು. ಅಲ್ಲಿಂದ ಕೆಲವೇ ಬೀದಿಗಳಾಚೆ, ಬ್ರಾಡ್‌ವೇ ಹೆದ್ದಾರಿಯ ಮೇಲೆ, ಡ್ಯಾನ್ ಟಾಲ್ಬಟ್ ಮತ್ತು ಅವನ ಪತ್ನಿ ಟೋಬಿ 1960ರಲ್ಲಿ ಒಂದು ಹಳೆಯ ಮಂದಿರವನ್ನು ವಹಿಸಿಕೊಂಡು ಅದಕ್ಕೆ ‘ನ್ಯೂಯಾರ್ಕರ್’ ಎಂದು ಹೆಸರಿಟ್ಟರು. ಮೊದಲ ದಿನದ ಕಾರ್ಯಕ್ರಮ ಅವರ ಅಭಿರುಚಿಯ ದ್ಯೋತಕವಾಗಿತ್ತು: ಲಾರೆನ್ಸ್ ಒಲಿವಿಯೆಯ ‘ಐದನೆಯ ಹೆನ್ರಿ’, ಅದರೊಡನೆ ಒಬ್ಬ ಬಾಲಕನ ಮತ್ತು ಒಂದು ಕೆಂಪು ಬೆಲೂನಿನ ಕಥೆಯಾದ ಫ್ರೆಂಚ್ ಕಿರುಚಿತ್ರ. ಮಂದಿರದ ಹಜಾರದಲ್ಲಿ ಒಂದು ದಪ್ಪ ಪುಸ್ತಕವನ್ನಿಟ್ಟಿದ್ದರು. ಬಂದವರು ತಮಗೆ ಯಾವ ಚಿತ್ರ ಬೇಕೆಂಬುದನ್ನೂ ನೋಡಿದ ಚಿತ್ರದ ಬಗ್ಗೆ ಹೊಗಳಿಕೆ ಬೈಗುಳಗಳನ್ನೂ ಅದರಲ್ಲಿ ಬರೆದು ಹೋಗುತ್ತಿದ್ದರು. ಪೀಟರ್ ಬೊಗ್ಡಾನೊವಿಚ್ ಎಂಬ ತರುಣ ಅಲ್ಲಿ ಮರೆತುಹೋದ ಚಿತ್ರಗಳದೇ ಒಂದು ಮಾಲೆಯನ್ನು ಏರ್ಪಡಿಸಿದ. ಆತನೇ ಮುಂದೆ ನಿರ್ದೇಶಕನಾಗಿ, ಟೆಕ್ಸಸ್ಸಿನ ಸಣ್ಣ ಊರೊಂದರ ಏಕೈಕ ಚಿತ್ರಮಂದಿರ ಮುಚ್ಚಿಹೋಗುವ ಕಥೆಯುಳ್ಳ ‘ದಿ ಲಾಸ್ಟ್ ಪಿಕ್ಚರ್ ಷೋ’ವನ್ನು 1971ರಲ್ಲಿ ತೆಗೆದ. ಶಾಲೆ ಎಂಬ ಹೆಸರಿಲ್ಲದಿದ್ದರೂ ಆ ಮಂದಿರ ಶಾಲೆಯೇ ಆಗಿತ್ತು.

ಅದೇ 1960ರಲ್ಲಿ ನಗರದ ಕೆಳಭಾಗದ ಬ್ಲೀಕರ್ ಬೀದಿಯಲ್ಲಿ ಇನ್ನೊಂದು ಮಂದಿರ ಹುಟ್ಟಿತು. ಅದರ ಹುಟ್ಟಿಗೆ ಕಾರಣ ಒಂದು ನಿರಾಕರಣೆ. ಲಯನಲ್ ರೊಗೊಸಿನ್ ಎಂಬ ನಿರ್ದೇಶಕ ದಕ್ಷಿಣ ಆಫ್ರಿಕದ ವರ್ಣದ್ವೇಷವನ್ನು ಕುರಿತು, ಅಲ್ಲಿಯ ಸರಕಾರದ ಕಣ್ಣು ತಪ್ಪಿಸಿ, ‘ಕಮ್ ಬ್ಯಾಕ್, ಆಫ್ರಿಕ’ ಎಂಬ ಚಿತ್ರ ತೆಗೆದಿದ್ದ. ಅದನ್ನು ತೋರಿಸಲು ಮಂದಿರ ದೊರೆಯದಾದಾಗ ತಾನೇ ಒಂದು ಮಂದಿರವನ್ನು ಗುತ್ತಿಗೆ ಹಿಡಿದ. ಮುಂದಿನ ಮೂವತ್ತು ವರ್ಷ ಬ್ಲೀಕರ್ ಸ್ಟ್ರೀಟ್ ಸಿನಿಮಾ ಐರೋಪ್ಯ ಚಿತ್ರಗಳ ನೆಲೆಯಾಯಿತು. ಅಲ್ಲಿ ಸಾಕಿದ್ದ ಬೆಕ್ಕಿಗೆ ಫ್ರೆಂಚ್ ನಿರ್ದೇಶಕ ಗೊದಾರನ ಮೊದಲ ದೀರ್ಘಚಿತ್ರದ ಇಂಗ್ಲಿಷ್ ಹೆಸರನ್ನೇ ಇಟ್ಟು ‘ಬ್ರೆತ್‌ಲೆಸ್’ ಎಂದು ಕರೆಯುತ್ತಿದ್ದರು.

ಯಾರು ಬಾಗಿಲು ಹಾಕಿದರು?

ನ್ಯೂಯಾರ್ಕರ್ 1985ರಲ್ಲಿ ಮುಚ್ಚಿತು. ಥಾಲಿಯಾ 1987ರಲ್ಲಿ. ಬ್ಲೀಕರ್ 1990ರಲ್ಲಿ. ಎಲ್ಜಿನ್ ಎಂಬ ಮತ್ತೊಂದು ಮಂದಿರ ಅದಕ್ಕೂ ಮೊದಲೇ, 1970ರ ದಶಕ ಮುಗಿಯುವ ಮುನ್ನವೇ ನಿಂತು, 1982ರಲ್ಲಿ ನೃತ್ಯಶಾಲೆಯಾಗಿ ಮಾರ್ಪಟ್ಟಿತು. ಒಂದು ಪೀಳಿಗೆ ಕಟ್ಟಿದ್ದು ಕೆಲವೇ ವರ್ಷಗಳಲ್ಲಿ ಕರಗಿಹೋಯಿತು.

ವಿಡಿಯೊವಿನ ಪಾಲು ಇದರಲ್ಲಿ ಇತ್ತೆಂಬುದು ನಿರ್ವಿವಾದ. ಮನೆಯಲ್ಲಿಯೇ ಚಿತ್ರ ನೋಡುವ ವಿ.ಎಚ್.ಎಸ್. ಯಂತ್ರ 1977ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಟೆಲಿವಿಷನ್ನಿನ ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಂಡು ಅನಂತರ ನೋಡುವುದು ಅಪರಾಧವಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1984ರ ಜನವರಿಯಲ್ಲಿ ತೀರ್ಪಿತ್ತಿತು. ಬೀದಿಗೊಂದು ಕ್ಯಾಸೆಟ್ಟಿನ ಅಂಗಡಿ ತಲೆಯೆತ್ತಿತು. ಹತ್ತು ವರ್ಷಕ್ಕೊಮ್ಮೆ ತೆರೆಗೆ ಬರುತ್ತಿದ್ದ ಚಿತ್ರ ಈಗ ಬಾಡಿಗೆಗೆ ದೊರೆಯುವಾಗ, ಮಳೆಯಲ್ಲಿ ನೆನೆದು ಕಂಬದ ಹಿಂದೆ ಕುಳಿತು ನೋಡುವ ಉತ್ಸಾಹ ಎಷ್ಟು ಮಂದಿಗೆ ಉಳಿದೀತು?

ಆದರೆ ರೀಜೆನ್ಸಿ ಎಂಬ ಮಂದಿರದ ಕಥೆ ಈ ವಿವರಣೆಗೆ ಒಗ್ಗುವುದಿಲ್ಲ. ಬ್ರಾಡ್‌ವೇ ಮೇಲೆ, 67ನೆಯ ಬೀದಿಯ ಬಳಿ ಇದ್ದ ರೀಜೆನ್ಸಿ ಹಾಲಿವುಡ್ಡಿನ ಹಳೆಯ ಚಿತ್ರಗಳನ್ನು ಜೋಡಿಜೋಡಿಯಾಗಿ ತೋರಿಸುವುದರಲ್ಲಿ ಹೆಸರಾಗಿತ್ತು. ಫ್ರಾಂಕ್ ರೌಲಿ ಎಂಬಾತ ಅಲ್ಲಿ ಚಿತ್ರಗಳನ್ನು ಆರಿಸುತ್ತಿದ್ದ. ಈ ಮಂದಿರವಿದ್ದ ಸರಪಳಿಯನ್ನು ದೊಡ್ಡ ಪ್ರದರ್ಶನ ಸಂಸ್ಥೆಯೊಂದು ಕೊಂಡುಕೊಂಡಿತು. 1987ರಲ್ಲಿ, ಇನ್ನು ಇಲ್ಲಿ ಹೊಸ ಚಿತ್ರಗಳು ಮಾತ್ರ ಎಂದು ಸಾರಿತು. ಆಗ ಆದದ್ದೇನು? ಪ್ರೇಕ್ಷಕರು ಬೀದಿಗಿಳಿದು ಪ್ರತಿಭಟಿಸಿದರು; ಮನವಿಪತ್ರಕ್ಕೆ ಸಹಿ ಹಾಕಿದರು. ಜನ ಬಾರದೆ ಸತ್ತ ಮಂದಿರದ ಮುಂದೆ ಜನ ನಿಂತು ಪ್ರತಿಭಟಿಸುವುದಿಲ್ಲ. ರೀಜೆನ್ಸಿಗೆ ಪ್ರೇಕ್ಷಕರಿದ್ದರು. ಆದರೆ ಹೊಸ ಚಿತ್ರದಿಂದ ಬರಬಹುದಾದ ಆದಾಯದ ಮುಂದೆ ಹಳೆಯ ಚಿತ್ರದ ಆದಾಯ ಅಲ್ಪವೆಂದು ಒಡೆಯರಿಗೆ ತೋರಿತು.

ಇದರ ಲೆಕ್ಕಾಚಾರ ಸರಳವಾಗಿದೆ. ಒಂದೇ ಚಿತ್ರ ಎಂಟು ವಾರ ಓಡಿದರೆ ಒಮ್ಮೆ ತರಿಸಿದ ಸುರುಳಿ, ಒಮ್ಮೆ ಹಾಕಿದ ಫಲಕ ಎಂಟು ವಾರ ದುಡಿಯುತ್ತವೆ. ದಿನಕ್ಕೊಂದು ಚಿತ್ರ ತೋರಿಸುವವನು ಪ್ರತಿದಿನವೂ ಸುರುಳಿಯನ್ನು ತರಿಸಬೇಕು, ಪರೀಕ್ಷಿಸಬೇಕು, ಹಿಂದಿರುಗಿಸಬೇಕು. ಪ್ರತಿ ಚಿತ್ರದ ಸುದ್ದಿಯನ್ನೂ ಜನಕ್ಕೆ ಬೇರೆಬೇರೆಯಾಗಿ ಮುಟ್ಟಿಸಬೇಕು. ಈ ಕಸುಬಿನಲ್ಲಿ ಲಾಭ ತೆಳುವಾದದ್ದು. ಬಾಡಿಗೆ ತೆಳುವಾಗಿದ್ದ ಕಾಲದಲ್ಲಿ ಅದು ನಡೆಯಿತು. 1980ರ ದಶಕದಲ್ಲಿ ನ್ಯೂಯಾರ್ಕಿನ ಆ ಬಡಾವಣೆಗಳಿಗೆ ಸಿರಿವಂತರು ಬಂದರು, ನೆಲದ ಬೆಲೆ ಏರಿತು, ಗುತ್ತಿಗೆಯ ಅವಧಿ ಮುಗಿದಾಗ ಬಾಡಿಗೆಯೂ ಏರಿತು. ತನ್ನ ಸುತ್ತಲಿನ ಬೀದಿಗೆ ಕಳೆ ತಂದುಕೊಟ್ಟ ಮಂದಿರವೇ ಆ ಕಳೆಯ ಬೆಲೆ ತೆರಲಾರದೆ ಊರು ಬಿಡಬೇಕಾಯಿತು.

ಇದು ಅಮೆರಿಕಕ್ಕೆ ಮಾತ್ರ ಸೇರಿದ ಸಂಗತಿಯಲ್ಲ, ಮುಗಿದುಹೋದ ಸಂಗತಿಯೂ ಅಲ್ಲ. ಲಂಡನ್ನಿನ ಪ್ರಿನ್ಸ್ ಚಾರ್ಲ್ಸ್ ಸಿನಿಮಾ ದಶಕಗಳಿಂದ ಹಳೆಯ ಚಿತ್ರಗಳಿಗೆ ಮೀಸಲಾದ ಜನಪ್ರಿಯ ಮಂದಿರ. ಆರು ತಿಂಗಳ ಮುನ್ಸೂಚನೆ ಕೊಟ್ಟು ತೆರವು ಮಾಡಿಸುವ ಹಕ್ಕು ಹೊಸ ಗುತ್ತಿಗೆಯಲ್ಲಿ ತನಗಿರಬೇಕೆಂದು ಕಟ್ಟಡದ ಒಡೆತನ ಹೊಂದಿದ ಸಂಸ್ಥೆ ಕೇಳಿದೆಯೆಂದು 2025ರ ಜನವರಿಯಲ್ಲಿ ಆ ಮಂದಿರದವರು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಅವರ ಮನವಿಗೆ ಸಹಿ ಹಾಕಿದರು. ತುಂಬಿದ ಮಂದಿರವೂ ನೆಲದೊಡೆಯನ ಮುಂದೆ ನಿರ್ಭಯವಾಗಿ ನಿಲ್ಲಲಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಡಬ್ಬಿಯ ಬೀಗ

ಮನೆಯಿದ್ದರೆ ಸಾಲದು, ತೋರಿಸಲು ಚಿತ್ರವೂ ಬೇಕಷ್ಟೆ. ಹಳೆಯ ಕಾಲದ 35 ಮಿಲಿಮೀಟರ್ ಫಿಲ್ಮು ಯಂತ್ರದೊಳಗೆ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಎರಡು ಗಂಟೆಯ ಚಿತ್ರವೆಂದರೆ ಸುಮಾರು 10,800 ಅಡಿ. ಸುಮಾರು ಇಪ್ಪತ್ತು ನಿಮಿಷದ ಸುರುಳಿಗಳು ಆರು. ಒಂದು ಸುರುಳಿ ಮುಗಿಯುವ ಹೊತ್ತಿಗೆ ತೆರೆಯ ಬಲ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಮಿನುಗುತ್ತದೆ. ಅದನ್ನು ಕಂಡು ಯಂತ್ರಚಾಲಕ ಎರಡನೆಯ ಯಂತ್ರವನ್ನು ಚಾಲೂ ಮಾಡಬೇಕು. ನೋಡುವವರಿಗೆ ಸಂಧಿ ತಿಳಿಯಬಾರದು. ದೊಡ್ಡ ಮಂದಿರಗಳು ಈ ಶ್ರಮವನ್ನು ತಪ್ಪಿಸಲು ಸುರುಳಿಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಒಂದೇ ದೊಡ್ಡ ತಟ್ಟೆಯ ಮೇಲೆ ಹಾಕಿದವು. ಹಾಗೆ ಅಂಟಿಸುವಾಗ ಸುರುಳಿಯ ತುದಿಗಳು ಸವೆಯುತ್ತವೆ. ಆದುದರಿಂದ ಎರಡು ಯಂತ್ರ ಹಾಗೂ ನುರಿತ ಚಾಲಕರಿಲ್ಲದ ಮಂದಿರಕ್ಕೆ ಅಪರೂಪದ ಪ್ರತಿಗಳನ್ನು ಕೊಡಲು ಚಿತ್ರಭಂಡಾರಗಳು ಒಪ್ಪುವುದಿಲ್ಲ. ರೆಪರ್ಟರಿ ಮಂದಿರಗಳು ಮುಚ್ಚಿದಂತೆ ಈ ಕೈಗಾರಿಕೆ ಬಲ್ಲವರೂ ಚದುರಿಹೋದರು.

ಮುಂದೆ ಡಿಜಿಟಲ್ ಯುಗ ಬಂತು. ಪ್ಯಾರಮೌಂಟ್ ಸಂಸ್ಥೆ ಅಮೆರಿಕದ ಮಂದಿರಗಳಿಗೆ ಹೊಸ ಚಿತ್ರಗಳನ್ನು ಫಿಲ್ಮಿನ ರೂಪದಲ್ಲಿ ಕಳುಹಿಸುವುದನ್ನು ನಿಲ್ಲಿಸಿತೆಂಬ ಸುದ್ದಿ 2014ರ ಜನವರಿಯಲ್ಲಿ ಹೊರಬಿತ್ತು. ಉಳಿದವರೂ ಅದೇ ದಾರಿ ಹಿಡಿದಿದ್ದರು. ಡಬ್ಬಿಗಳ ಬದಲು ಒಂದು ಪುಟ್ಟ ಪೆಟ್ಟಿಗೆಯಲ್ಲಿ ಚಿತ್ರ ಬರತೊಡಗಿತು. ಅನೇಕ ವೇಳೆ ಅದಕ್ಕೊಂದು ಗುಪ್ತ ಕೀಲಿ. ಆ ಕೀಲಿ ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ಯಂತ್ರದಲ್ಲಿ ಮಾತ್ರ ತಿರುಗುತ್ತದೆ. ಸಾಗಣೆ ಹಗುರವಾಯಿತೆಂಬುದು ದಿಟ. ಆದರೆ ಹೊಸ ಯಂತ್ರದ ಭಾರಿ ಬೆಲೆಯನ್ನು ತೆಳು ಲಾಭದ ಮಂದಿರಗಳು ಹೊರಬೇಕಾಯಿತು.

ಚಿತ್ರದ ಹಕ್ಕು ಯಾರ ಕೈಯಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಡಿಸ್ನಿ ಸಂಸ್ಥೆ 2019ರ ಮಾರ್ಚಿನಲ್ಲಿ ಫಾಕ್ಸ್ ಸಂಸ್ಥೆಯ ಚಿತ್ರೋದ್ಯಮವನ್ನು ಕೊಂಡುಕೊಂಡಿತು. ಅದೇ ವರ್ಷ ಅಮೆರಿಕದ ಹಲವು ಮಂದಿರಗಳವರು, ಹಿಂದೆ ಸುಲಭವಾಗಿ ದೊರೆಯುತ್ತಿದ್ದ ಫಾಕ್ಸ್‌ನ ಹಳೆಯ ಚಿತ್ರಗಳು ತಮಗೆ ದೊರೆಯುತ್ತಿಲ್ಲವೆಂದು ಪತ್ರಿಕೆಗಳಿಗೆ ತಿಳಿಸಿದರು. ಮನೆಯಲ್ಲಿಯೇ ಎಲ್ಲ ಸಿಕ್ಕುವಾಗ ಮಂದಿರವೇಕೆ ಎನ್ನುವವರೂ ಒಂದು ಸಂಗತಿಯನ್ನು ನೆನೆಯಬೇಕು. ಹಳೆಯ ಹಾಗೂ ವಿದೇಶೀ ಅಭಿಜಾತ ಚಿತ್ರಗಳಿಗೆ ಮೀಸಲಾಗಿ ‘ಫಿಲ್ಮ್‌ಸ್ಟ್ರಕ್’ ಎಂಬ ಅಂತರಜಾಲ ಸೇವೆಯೊಂದು 2016ರಲ್ಲಿ ಆರಂಭವಾಗಿತ್ತು. ಎರಡೇ ವರ್ಷದಲ್ಲಿ, 2018ರ ನವೆಂಬರಿನಲ್ಲಿ, ಒಡೆಯರು ಅದನ್ನು ಮುಚ್ಚಿದರು. ಮಂದಿರ ಮುಚ್ಚಿದರೆ ಬೀದಿಯಲ್ಲಿ ಬೀಗವಾದರೂ ಕಾಣುತ್ತದೆ. ಇಲ್ಲಿ ಅದೂ ಕಾಣುವುದಿಲ್ಲ.

ಉಳಿದವರ ಗುಟ್ಟು

ಇಷ್ಟಾದರೂ ಎಲ್ಲವೂ ಅಳಿಯಲಿಲ್ಲ. ನ್ಯೂಯಾರ್ಕಿನ ಫಿಲ್ಮ್ ಫೋರಂ 1970ರಲ್ಲಿ ಆರಂಭವಾದಾಗ ಅದರ ಆಸ್ತಿ ಐವತ್ತು ಮಡಿಸುವ ಕುರ್ಚಿಗಳು ಮತ್ತು ಒಂದು ಪ್ರೊಜೆಕ್ಟರು. ವರ್ಷದ ಆಯವ್ಯಯ 19,000 ಡಾಲರು. 1972ರಲ್ಲಿ ಕ್ಯಾರನ್ ಕೂಪರ್ ಎಂಬ ಮಹಿಳೆ ಅದರ ಹೊಣೆ ಹೊತ್ತು ಐವತ್ತು ವರ್ಷಕ್ಕೂ ಮಿಕ್ಕಿ ನಡೆಸಿದರು. ಅದರ ಕಟ್ಟಡವೂ 1989ರಲ್ಲಿ ನೆಲಸಮವಾಯಿತು. ಆದರೆ 1990ರಲ್ಲಿ ಅದು ಹೌಸ್ಟನ್ ಬೀದಿಯಲ್ಲಿ ಮತ್ತೆ ತೆರೆಯಿತು. 2018ರಲ್ಲಿ ನಾಲ್ಕನೆಯ ತೆರೆಯನ್ನೂ ಸೇರಿಸಿಕೊಂಡಿತು. ಥಾಲಿಯಾದಲ್ಲಿ ಚಿತ್ರಗಳನ್ನು ಆರಿಸುತ್ತಿದ್ದ ಬ್ರೂಸ್ ಗೋಲ್ಡ್‌ಸ್ಟೀನ್ ಇಲ್ಲಿಗೆ ಬಂದು ಹಳೆಯ ಚಿತ್ರಗಳ ವಿಭಾಗವನ್ನು ಕಟ್ಟಿದರು. ಥಾಲಿಯಾ ಮುಚ್ಚಿದರೂ ಆರಿಸುವ ಕೈ ನೆಲೆ ತಪ್ಪಲಿಲ್ಲ. ಈ ಮಂದಿರ ಉಳಿದುದರ ಗುಟ್ಟೇನು? ಇದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಟಿಕೆಟ್ಟಿನ ಹಣದೊಡನೆ ಸದಸ್ಯರ ಚಂದಾ, ದಾನಿಗಳ ನೆರವು ಸೇರಿ ಇದರ ದೀಪ ಉರಿಯುತ್ತದೆ. ಕೇಂಬ್ರಿಜ್ಜಿನ ಬ್ರಾಟ್ಲ್ ಮಂದಿರವನ್ನೂ 2001ರಿಂದ ಇಂಥದೇ ಪ್ರತಿಷ್ಠಾನವೊಂದು ನಡೆಸುತ್ತಿದೆ. ವಾಚನಾಲಯವನ್ನು ಯಾರೂ ಲಾಭದ ಅಂಗಡಿಯೆಂದು ನಡೆಸುವುದಿಲ್ಲ. ಚಿತ್ರಗಳ ವಾಚನಾಲಯಕ್ಕೂ ಈ ನ್ಯಾಯ ಸಲ್ಲುತ್ತದೆಂಬುದನ್ನು ಅವರು ಅರಿತುಕೊಂಡರು.

ಫ್ರಾನ್ಸ್ ಈ ನ್ಯಾಯವನ್ನು ಕಾನೂನಿನಲ್ಲಿಯೇ ಬರೆದಿಟ್ಟಿದೆ. ಅಲ್ಲಿ ಮಾರಾಟವಾಗುವ ಪ್ರತಿಯೊಂದು ಸಿನಿಮಾ ಟಿಕೆಟ್ಟಿನ ಬೆಲೆಯಲ್ಲಿ ಶೇಕಡಾ 10.72 ಭಾಗ ರಾಷ್ಟ್ರೀಯ ಚಲಚ್ಚಿತ್ರ ನಿಧಿಗೆ ಸಂದಾಯವಾಗುತ್ತದೆ. ಭಾರಿ ಹೊಸ ಚಿತ್ರವೊಂದಕ್ಕೆ ನೂಕಿ ಬಂದ ಜನ ತಮಗರಿವಿಲ್ಲದೆಯೇ ಮುಂದಿನ ಬೀದಿಯ ಪುಟ್ಟ ಮಂದಿರಕ್ಕೆ ಎಣ್ಣೆ ಹೊಯ್ಯುತ್ತಾರೆ. ಕಲಾತ್ಮಕ ಹಾಗೂ ಹಳೆಯ ಚಿತ್ರಗಳನ್ನು ತೋರಿಸುವ ಮಂದಿರಗಳಿಗೆ ಆ ನಿಧಿಯಿಂದ ನೆರವುಂಟು. ಪ್ಯಾರಿಸ್ಸಿನ ವಿದ್ಯಾರ್ಥಿಗಳ ಬಡಾವಣೆಯಲ್ಲಿ 1938ರಲ್ಲಿ ಬಾಗಿಲು ತೆರೆದ ‘ಷಾಂಪೊ’ ಮಂದಿರ ಇಂದಿಗೂ ಹಳೆಯ ಚಿತ್ರಗಳನ್ನು ತೋರಿಸುತ್ತಿರುವುದಕ್ಕೆ, 2000ದಲ್ಲಿ ಅದು ಐತಿಹಾಸಿಕ ಸ್ಮಾರಕವೆಂದು ಪರಿಗಣಿತವಾದದ್ದಕ್ಕೆ ಈ ವಾತಾವರಣವೇ ಹಿನ್ನೆಲೆ.

ಆದರೆ ಕಾನೂನೂ ಎಲ್ಲವನ್ನೂ ಕಾಯಲಾರದು. ಅದೇ ನಗರದ ‘ಲಾ ಕ್ಲೆ’ ಎಂಬ ಮಂದಿರವನ್ನು ಕಟ್ಟಡದ ಒಡೆಯರು 2018ರಲ್ಲಿ ಮುಚ್ಚಿದರು. ಮರುವರ್ಷ ಚಿತ್ರಪ್ರಿಯರ ಗುಂಪೊಂದು ಅದರೊಳಗೆ ನೆಲೆಯೂರಿ, ಕೊಟ್ಟಷ್ಟು ಹಣಕ್ಕೆ ಪ್ರದರ್ಶನ ನಡೆಸತೊಡಗಿತು. 2022ರ ಮಾರ್ಚಿನಲ್ಲಿ ಪೋಲೀಸರು ಬಂದು ತೆರವು ಮಾಡಿಸಿದರು. ಗುಂಪು ಚದುರಲಿಲ್ಲ, ವಂತಿಗೆ ಎತ್ತಿತು, 2024ರಲ್ಲಿ ಆ ಕಟ್ಟಡವನ್ನೇ ಕೊಂಡುಕೊಂಡಿತು. ನೆಲ ಯಾರದೋ ಮಂದಿರವೂ ಅವರದೇ ಎಂಬುದನ್ನು ಅವರು ಚೆನ್ನಾಗಿ ಗ್ರಹಿಸಿದ್ದರು.

ಒಂದು ಬಂಗಾಳಿ ಚಿತ್ರದ ಆಯುಸ್ಸು

ಇದೆಲ್ಲ ಪರದೇಶದ ಮಾತು, ಕೆಲವು ಸಿನಿಮಾ ಹುಚ್ಚರ ಗೋಳು ಎಂದು ತಳ್ಳಿಬಿಡುವವರಿಗೆ ಭಾರತದ್ದೇ ಚಿತ್ರವೊಂದರ ಚರಿತ್ರೆಯನ್ನು ಹೇಳಬೇಕು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ 1958ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಪ್ಲೇಹೌಸ್ ಎಂಬ ಸಣ್ಣ ಮಂದಿರದಲ್ಲಿ ತೆರೆಕಂಡು ಸುಮಾರು ಎಂಟು ತಿಂಗಳು ಓಡಿತು. ಅನಂತರದ ವರ್ಷಗಳಲ್ಲಿಯೂ ಇಂಥ ಮಂದಿರಗಳಲ್ಲಿ ಅಪುವಿನ ಮೂರು ಚಿತ್ರಗಳು ಸುತ್ತುತ್ತಲೇ ಇದ್ದವು. 1993ರಲ್ಲಿ ಅವುಗಳ ಮೂಲ ನೆಗೆಟಿವ್‌ಗಳು ದುರಸ್ತಿಗಾಗಿ ಲಂಡನ್ನಿನ ಪ್ರಯೋಗಾಲಯವೊಂದಕ್ಕೆ ಹೋಗಿದ್ದಾಗ ಅಲ್ಲಿ ಬೆಂಕಿ ಬಿತ್ತು. ಮೂಲ ಸುಟ್ಟು ಕರಕಲಾಯಿತು.

ಹಾಗಿದ್ದೂ 2015ರ ಮೇ ತಿಂಗಳಲ್ಲಿ ಆ ಮೂರು ಚಿತ್ರಗಳು ಹೊಸ ಕಾಂತಿಯೊಡನೆ ಫಿಲ್ಮ್ ಫೋರಂ ಮಂದಿರದ ತೆರೆಗೆ ಬಂದವು. ಬೆಂಕಿಯಿಂದ ಉಳಿದ ತುಣುಕುಗಳನ್ನು ಇಟಲಿಯ ಬೊಲೋನ್ಯಾ ನಗರದ ತಜ್ಞರು ಕೈಯಿಂದಲೇ ತಿಂಗಳುಗಟ್ಟಲೆ ಸರಿಪಡಿಸಿದ್ದರು. ಸರಿಪಡಿಸಲಾಗದಷ್ಟು ಸುಟ್ಟ ಭಾಗಗಳಿಗೆ ಬೇರೆಡೆ ಉಳಿದಿದ್ದ ಪ್ರತಿಗಳನ್ನು ಬಳಸಿಕೊಂಡರು. ಆ ಪ್ರತಿಗಳು ಎಲ್ಲಿಂದ ಬಂದವು? ಹಾರ್ವರ್ಡಿನ ಚಿತ್ರಭಂಡಾರದಿಂದ, ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ, ಮತ್ತು ಬ್ರಾಟ್ಲ್ ಮಂದಿರದ ಗೆಳೆಯರಿಬ್ಬರು 1956ರಲ್ಲಿ ಆರಂಭಿಸಿದ್ದ ಜಾನಸ್ ಫಿಲ್ಮ್ಸ್‌ನಿಂದ. ತೋರಿಸುವವರಿದ್ದುದರಿಂದ ಪ್ರತಿಗಳು ಉಳಿದವು. ಪ್ರತಿಗಳು ಉಳಿದುದರಿಂದ ಬಂಗಾಳದ ಆ ಹಳ್ಳಿಯ ಹುಡುಗ ಮತ್ತೆ ತೆರೆಯ ಮೇಲೆ ಓಡಿದ. ರೆಪರ್ಟರಿ ಮಂದಿರ ಚಿತ್ರಗಳ ಪ್ರದರ್ಶನಶಾಲೆ ಮಾತ್ರವಲ್ಲ, ಅವುಗಳ ಆಯುಸ್ಸೂ ಹೌದು.

ತೋರಿಸುವವರಿಲ್ಲದಾಗ ಏನಾಗುತ್ತದೆಂಬುದನ್ನು ಕನ್ನಡಿಗರಿಗೆ ಬೇರೆಯವರು ಹೇಳಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಒಂದು ಭಾಷೆ ತೆರೆಯ ಮೇಲೆ ಆಡಿದ ಮೊದಲ ಮಾತು ಕೇಳುವವರಿಲ್ಲದೆ ಮಾಯವಾಯಿತು.

ನಾಡಿನಲ್ಲಿ ಇದಕ್ಕೆ ಪ್ರತಿಯಾದ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಬೆಂಗಳೂರಿನಲ್ಲಿ ಸುಚಿತ್ರ ಚಿತ್ರಸಮಾಜ 1971ರಲ್ಲಿ ಹುಟ್ಟಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನು ಆರಂಭಿಸಿ, ಅಡಿಕೆತೋಟದ ರೈತರಿಗೆ ಜಗತ್ತಿನ ಅಭಿಜಾತ ಚಿತ್ರಗಳನ್ನು ತೋರಿಸಿದರು. ಹಳ್ಳಿಯವರಿಗೆ ಅವು ಅರ್ಥವಾದಾವೇ ಎಂದು ಪೇಟೆಯ ಪಂಡಿತರು ಮೂಗೆಳೆಯಬಹುದಾಗಿದ್ದ ಚಿತ್ರಗಳನ್ನು ಅವರು ತದೇಕಚಿತ್ತರಾಗಿ ನೋಡಿದರು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತಳೆದು ಮತ್ತೆ ಬಂದಾಗ ಕುಟುಂಬಗಳು ಮೂರು ತಲೆಮಾರು ಕೂಡಿಕೊಂಡು ಮಂದಿರಕ್ಕೆ ಹೋದವು. ಹಳೆಯದನ್ನು ನೋಡುವ ಜನರಿಲ್ಲವೆಂಬ ಮಾತು ಇಲ್ಲಿಯೂ ಸುಳ್ಳಾಯಿತು. ಆದರೆ ಇವು ಹಬ್ಬದೂಟಗಳು. ಪ್ರತಿ ಸಂಜೆ ಬಾಗಿಲು ತೆರೆದು, ಇಂದು ಇದನ್ನು ನೋಡಿರಿ ಎಂದು ಕರೆಯುವ ಮಂದಿರ ನಿತ್ಯದ ಊಟ. ಹಬ್ಬದೂಟದಿಂದ ನಾಲಗೆಗೆ ರುಚಿ ತಿಳಿದೀತು. ಮೈ ಬೆಳೆಯುವುದು ನಿತ್ಯದ ಊಟದಿಂದ.

ಯಾವ ಚಿತ್ರ ಬೇಕೆಂದು ಮೊದಲೇ ತಿಳಿದವನಿಗೆ ಮನೆಯ ಯಂತ್ರ ಸಾಕು. ಹೆಸರು ಬರೆದರೆ, ಒಡೆಯರ ಕೃಪೆಯಿದ್ದರೆ, ಚಿತ್ರ ಬರುತ್ತದೆ. ಹೆಸರೇ ಗೊತ್ತಿಲ್ಲದ ಚಿತ್ರವನ್ನು ಅವನು ಹೇಗೆ ಕೇಳಿಯಾನು? ಕೇಳದವನ ಮುಂದೆ ಅದನ್ನು ತಂದಿಡಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯ ನಿಲ್ಲಲು ಒಂದು ಮನೆ ಬೇಕು, ಆ ಮನೆಗೆ ಭದ್ರವಾದ ನೆಲ ಬೇಕು, ಅವನ ಕೈಗೆ ಬೀಗ ತೆರೆದ ಡಬ್ಬಿ ಬೇಕು. ನ್ಯೂಯಾರ್ಕಿನಲ್ಲಿ ಸೋತದ್ದು ಈ ನೆಲ, ಈ ಬೀಗ, ಪ್ರೇಕ್ಷಕನೊಬ್ಬನೇ ಅಲ್ಲ. ಫಿಲ್ಮ್ ಫೋರಂನಲ್ಲಿ ಸಂಜೆಯ ಟಿಕೆಟ್ಟಿಗೆ ಇಂದೂ ಸಾಲು ನಿಲ್ಲುತ್ತದೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಧಾರವಾಡದಲ್ಲಿ ಅಂಥ ಸಾಲು ನಿಲ್ಲಲಾರದೆಂದು ಹೇಳುವವರು ಮೊದಲು ಒಂದು ಬಾಗಿಲನ್ನು ತೆರೆದು ನೋಡಬೇಕು.